ನದಿ ಎರಡು, ಸೇತುವೆ ಒಂದು: ಅಂತರ್ಯುದ್ಧದಲ್ಲಿ ಹಾರ್ಪರ್ಸ್ ಫೆರಿ ಮತ್ತೆ ಮತ್ತೆ ಕೈಬದಲಾದದ್ದು ಏಕೆ?

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಲುಕಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರನ್ನು ‘ಆಪರೇಷನ್ ಕಾವೇರಿ’ಯಲ್ಲಿ ಊರಿಗೆ ಕರೆತಂದದ್ದು ಹಲವರಿಗೆ ನೆನಪಿರಬಹುದು. ಆಮೇಲೆ ಬಂದ ಸುದ್ದಿಗಳಲ್ಲಿ ಸೇತುವೆಗಳ ಹೆಸರು ಪದೇ ಪದೇ ಕೇಳಿಬಂತು. ಬಿಳಿ ನೈಲ್ ಮತ್ತು ನೀಲಿ ನೈಲ್ ಕೂಡುವ ಖಾರ್ತೂಮಿನಲ್ಲಿ ಇವತ್ತು ಒಂದು ಸೇತುವೆ ಇವರ ವಶ, ನಾಳೆ ಅವರ ವಶ. ಒಳಜಗಳ ಯುದ್ಧವಾದಾಗ ನದಿದಂಡೆಯ ಊರುಗಳ ಮೇಲೆಯೇ ಎಲ್ಲರ ಕಣ್ಣು ಬೀಳುವುದೇಕೆ, ಬಿದ್ದ ಮೇಲೆ ಆ ಊರು ಯಾರ ಕೈಯಲ್ಲೂ ನಿಲ್ಲದಿರುವುದೇಕೆ ಎಂಬುದನ್ನು ತಿಳಿಯಲು, ದಾಖಲೆಗಳು ಚೆನ್ನಾಗಿ ಉಳಿದಿರುವ ಒಂದು ಹಳೆಯ ಊರನ್ನು ನೋಡಬಹುದು.

ಅದು ಅಮೆರಿಕದ ಹಾರ್ಪರ್ಸ್ ಫೆರಿ. 1861ರಿಂದ 1865ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ, ಸುಮಾರು 3,000 ಜನರಿದ್ದ ಈ ಊರು ಎಂಟು ಸಲ ಕೈಬದಲಾಯಿತು. ಒಂದೆರಡು ದಿನ ಬಂದು ಹೋದವರನ್ನೂ ಲೆಕ್ಕಕ್ಕೆ ಹಿಡಿದು ಹದಿನಾಲ್ಕು ಸಲ ಎನ್ನುವವರೂ ಇದ್ದಾರೆ.

ಯಾರು ಯಾರ ಮೇಲೆ?

ಗುಲಾಮಗಿರಿಯ ಮೇಲೆ ಆರ್ಥಿಕತೆ ಕಟ್ಟಿಕೊಂಡಿದ್ದ ದಕ್ಷಿಣದ 11 ರಾಜ್ಯಗಳು 1860-61ರಲ್ಲಿ ಅಮೆರಿಕದ ಒಕ್ಕೂಟದಿಂದ ಹೊರನಡೆದು ‘ಕಾನ್ಫೆಡರಸಿ’ ಎಂಬ ಬೇರೆ ದೇಶವನ್ನು ಘೋಷಿಸಿಕೊಂಡವು. ಅವುಗಳನ್ನು ಬಿಟ್ಟುಕೊಡಲು ಒಪ್ಪದ ಒಕ್ಕೂಟ ಸರ್ಕಾರದ ಅಧ್ಯಕ್ಷ ಅಬ್ರಹಾಂ ಲಿಂಕನ್. ಈ ಬರಹದಲ್ಲಿ ಒಕ್ಕೂಟದ ಪಡೆಯನ್ನು ಉತ್ತರದವರು ಎಂದೂ ಕಾನ್ಫೆಡರೇಟ್ ಪಡೆಯನ್ನು ದಕ್ಷಿಣದವರು ಎಂದೂ ಕರೆಯೋಣ.

ಒಂದು ತೊಡಕು ಇಲ್ಲಿ ಮುಖ್ಯ. ಗುಲಾಮಗಿರಿ ಇದ್ದ ರಾಜ್ಯಗಳೆಲ್ಲವೂ ಹೊರನಡೆಯಲಿಲ್ಲ. ಪೊಟೋಮ್ಯಾಕ್ ನದಿಯ ಉತ್ತರ ದಡದ ಮೇರಿಲ್ಯಾಂಡ್ ಒಕ್ಕೂಟದಲ್ಲೇ ಉಳಿಯಿತು, ದಕ್ಷಿಣ ದಡದ ವರ್ಜೀನಿಯಾ ಹೊರನಡೆಯಿತು. ಹಾಗಾಗಿ ಅಲ್ಲಿಯವರೆಗೆ ಎರಡು ರಾಜ್ಯಗಳ ನಡುವಿನ ಗೆರೆಯಾಗಿದ್ದ ನದಿ ಎರಡು ಸೇನೆಗಳ ನಡುವಿನ ಗಡಿಯಾಯಿತು. ಹಾರ್ಪರ್ಸ್ ಫೆರಿ ಇದ್ದದ್ದು ಆ ಗೆರೆಯ ಮೇಲೆಯೇ, ವರ್ಜೀನಿಯಾ ದಡದಲ್ಲಿ.

ಊರಿನ ಇಕ್ಕಟ್ಟು

ಪಶ್ಚಿಮದಿಂದ ಬರುವ ಪೊಟೋಮ್ಯಾಕ್ ಮತ್ತು ದಕ್ಷಿಣದಿಂದ ಬರುವ ಶೆನಾಂಡೊವಾ ಬ್ಲೂ ರಿಡ್ಜ್ ಬೆಟ್ಟಸಾಲಿನ ಬುಡದಲ್ಲಿ ಕೂಡಿ, ಆ ಸಾಲನ್ನು ಸೀಳಿಕೊಂಡು ಪೂರ್ವಕ್ಕೆ ಹರಿಯುತ್ತವೆ. ಎರಡು ನದಿಗಳ ನಡುವಿನ ಚೂಪಾದ ನೆಲದ ತುದಿಯಲ್ಲಿ ಊರು. ರಾಬರ್ಟ್ ಹಾರ್ಪರ್ ಎಂಬಾತ 1747ರಲ್ಲಿ ಬಂದು ನೆಲೆನಿಂತು ಹರಿಗೋಲು ಕಟ್ಟೆ ನಡೆಸಿದ್ದರಿಂದ ಈ ಹೆಸರು.

ಎತ್ತರಗಳನ್ನು ಗಮನಿಸಿದರೆ ಮುಂದಿನ ಎಲ್ಲವೂ ಅರ್ಥವಾಗುತ್ತದೆ. ಸಂಗಮದ ಜಾಗ ಸಮುದ್ರಮಟ್ಟದಿಂದ ಸುಮಾರು 250 ಅಡಿ. ಪೊಟೋಮ್ಯಾಕ್‌ನ ಆಚೆ ದಡದಲ್ಲಿ ಮೇರಿಲ್ಯಾಂಡ್ ಹೈಟ್ಸ್ ಬೆಟ್ಟ, 1,448 ಅಡಿ. ಶೆನಾಂಡೊವಾದ ಆಚೆ ದಡದಲ್ಲಿ ಲೌಡನ್ ಹೈಟ್ಸ್, ಸುಮಾರು 1,180 ಅಡಿ. ಊರಿನ ಬೆನ್ನಿಗೆ, ಪಶ್ಚಿಮದಲ್ಲಿ ಬೊಲಿವರ್ ಹೈಟ್ಸ್ ಎಂಬ ಉದ್ದನೆಯ ದಿಬ್ಬ, 668 ಅಡಿ. ಬಾವಿಯ ತಳದಲ್ಲಿ ನಿಂತವನು ಎಷ್ಟೇ ಬಲಶಾಲಿಯಾದರೂ ಕಟ್ಟೆಯ ಮೇಲಿಂದ ಕಲ್ಲು ಹಾಕುವವನಿಗೆ ಎದುರಿಲ್ಲ. ಈ ಊರನ್ನು ಹಿಡಿದ ಸೇನೆಯ ಸ್ಥಿತಿಯೂ ಅಷ್ಟೇ.

ಇಷ್ಟು ಅನಾನುಕೂಲದ ಜಾಗ ಎಲ್ಲರಿಗೂ ಬೇಕಾಗಿದ್ದಕ್ಕೆ ಕಾರಣ ಬೆಟ್ಟಸಾಲಿನಲ್ಲಿ ನದಿ ಕೊರೆದ ಆ ಕಂಡಿ. ಬಾಲ್ಟಿಮೋರ್‌ನಿಂದ ಒಹಾಯೊ ನದಿಯತ್ತ ಹೋಗುವ ‘ಬಿ ಅಂಡ್ ಓ’ ರೈಲುದಾರಿ ಪಶ್ಚಿಮಕ್ಕೆ ಸಾಗಲು ಅದೇ ಕಂಡಿಯಲ್ಲಿ ನುಗ್ಗಿ, ಸೇತುವೆಯ ಮೇಲೆ ಪೊಟೋಮ್ಯಾಕ್ ದಾಟಿ ಊರನ್ನು ಹಾಯಬೇಕಿತ್ತು. ಆಚೆ ದಡದಲ್ಲೇ ಸರಕುದೋಣಿಗಳ ಚೆಸಪೀಕ್–ಒಹಾಯೊ ಕಾಲುವೆ. ಊರಿನಿಂದ ಇನ್ನೊಂದು ರೈಲುದಾರಿ ದಕ್ಷಿಣಕ್ಕೆ, ಶೆನಾಂಡೊವಾ ಕಣಿವೆಯ ವಿಂಚೆಸ್ಟರ್‌ಗೆ ಹೋಗುತ್ತಿತ್ತು. ಆ ಕಣಿವೆ ದಕ್ಷಿಣದವರ ಗೋಧಿಯ ಕಣಜ. ಅವರ ಸೇನೆ ಬೆಟ್ಟದ ಮರೆಯಲ್ಲಿ ಉತ್ತರಕ್ಕೆ ನುಗ್ಗುವ ಹೆದ್ದಾರಿಯೂ ಅದೇ. ಉತ್ತರದ ರಾಜಧಾನಿ ವಾಷಿಂಗ್ಟನ್ ಇಲ್ಲಿಂದ ಸುಮಾರು 100 ಕಿ.ಮೀ. ಮಾತ್ರ.

ನೀರಿನ ಬಲದ ಬಂದೂಕು ಕಾರ್ಖಾನೆ

ಊರು ಬೆಳೆದದ್ದು ದೋಣಿಯಿಂದಲ್ಲ, ಬಂದೂಕಿನಿಂದ. ಸರ್ಕಾರದ ಶಸ್ತ್ರ ಕಾರ್ಖಾನೆಗೆ ಈ ಜಾಗ ಆಗಬಹುದೆಂದು 1794ರಲ್ಲಿ ಸೂಚಿಸಿದವರು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. 1799ರಲ್ಲಿ ಕಟ್ಟಡದ ಕೆಲಸ ಶುರುವಾಯಿತು. ಪೊಟೋಮ್ಯಾಕ್‌ಗೆ ಅಡ್ಡಗಟ್ಟೆ ಹಾಕಿ ನೀರನ್ನು ಕಾಲುವೆಗೆ ತಿರುಗಿಸಿ, ಅದು ಬೀಳುವ ರಭಸದಿಂದ ಚಕ್ರ ತಿರುಗಿಸಿ, ಪಟ್ಟಿಗಳ ಮೂಲಕ ಯಂತ್ರಗಳನ್ನು ಓಡಿಸುತ್ತಿದ್ದರು. ಯುದ್ಧ ಶುರುವಾಗುವ ಹೊತ್ತಿಗೆ ಇಲ್ಲಿಂದ 6 ಲಕ್ಷಕ್ಕೂ ಹೆಚ್ಚು ಬಂದೂಕು, ಪಿಸ್ತೂಲುಗಳು ಹೊರಬಂದಿದ್ದವು.

ಶೆನಾಂಡೊವಾ ದಡದಲ್ಲಿ ಜಾನ್ ಹಾಲ್ ಎಂಬ ತಜ್ಞ 1819ರಿಂದ ನಡೆಸಿದ ರೈಫಲ್ ಘಟಕ ಇನ್ನೂ ಮುಖ್ಯವಾದದ್ದು. ಅಲ್ಲಿಯವರೆಗೆ ಬಂದೂಕಿನ ಒಂದೊಂದು ಬಿಡಿಭಾಗವನ್ನೂ ಕಮ್ಮಾರ ಅರದಿಂದ ಉಜ್ಜಿ ಆ ಒಂದೇ ಬಂದೂಕಿಗೆ ಕೂರಿಸುತ್ತಿದ್ದ. ಕೊಕ್ಕೆ ಮುರಿದರೆ ಬೇರೊಂದರ ಕೊಕ್ಕೆ ಕೂರುತ್ತಿರಲಿಲ್ಲ. ಹಾಲ್ ಪ್ರತಿ ಭಾಗಕ್ಕೂ ಅಳತೆಯ ಅಚ್ಚುಗಳನ್ನು ಮಾಡಿ, ಯಂತ್ರದಲ್ಲಿ ಕೊರೆದು, ಯಾವ ರೈಫಲಿನ ಭಾಗವನ್ನಾದರೂ ಇನ್ನಾವುದಕ್ಕಾದರೂ ಹಾಕಬಹುದೆಂದು 1820ರ ದಶಕದಲ್ಲಿ ತೋರಿಸಿಕೊಟ್ಟ. ಇಂದಿನ ಎಲ್ಲ ಕಾರ್ಖಾನೆಗಳೂ ನಿಂತಿರುವುದು ಈ ವಿಧಾನದ ಮೇಲೆ.

ಹೀಗೆ ಊರಿನ ಬಹುಪಾಲು ಮನೆಗಳ ಒಲೆ ಉರಿಯುತ್ತಿದ್ದುದು ಒಕ್ಕೂಟ ಸರ್ಕಾರದ ಸಂಬಳದಿಂದ, ಊರು ಇದ್ದದ್ದು ಗುಲಾಮಗಿರಿಯ ರಾಜ್ಯದಲ್ಲಿ. ಜನರಲ್ಲಿ ಹತ್ತರಲ್ಲಿ ಒಬ್ಬರು ಕರಿಯರು, ಅವರಲ್ಲಿ ಅರ್ಧದಷ್ಟು ಗುಲಾಮರು, ಉಳಿದವರು ಸ್ವತಂತ್ರರು. ಯುದ್ಧ ಬಂದಾಗ ಊರು ಒಂದು ಮನಸ್ಸಿನಿಂದ ಯಾವ ಕಡೆಗೂ ವಾಲದೆ ಇದ್ದದ್ದಕ್ಕೆ ಇದೇ ಕಾರಣ.

ಯುದ್ಧಕ್ಕೆ ಮುಂಚಿನ ಹೊಡೆತ: 1859

ಗುಲಾಮಗಿರಿಯನ್ನು ಬಲದಿಂದಲೇ ಮುಗಿಸಬೇಕೆಂದು ನಂಬಿದ್ದ ಜಾನ್ ಬ್ರೌನ್ 1859ರ ಅಕ್ಟೋಬರ್ 16ರ ರಾತ್ರಿ ತನ್ನ 21 ಜನರ ತಂಡದೊಂದಿಗೆ ಊರಿಗೆ ನುಗ್ಗಿ ಕಾರ್ಖಾನೆಯನ್ನು ವಶಪಡಿಸಿಕೊಂಡ. ಇಲ್ಲಿನ ಬಂದೂಕುಗಳನ್ನು ಗುಲಾಮರ ಕೈಗೆ ಕೊಟ್ಟು ದಂಗೆ ಎಬ್ಬಿಸುವುದು ಅವನ ಯೋಜನೆ. ದಾಳಿಯಲ್ಲಿ ಮೊದಲು ಗುಂಡು ತಗುಲಿ ಸತ್ತವರು ರೈಲು ನಿಲ್ದಾಣದ ಸಾಮಾನು ಹೊರುವ ಹೇವರ್ಡ್ ಶೆಫರ್ಡ್, ಸ್ವತಂತ್ರ ಕರಿಯ. ಮರುದಿನ ಊರಿನ ಮೇಯರ್ ಫಾಂಟೇನ್ ಬೆಕಮ್ ಕೂಡ ಸತ್ತರು. 18ರ ಬೆಳಿಗ್ಗೆ ಕರ್ನಲ್ ರಾಬರ್ಟ್ ಲೀ ನೇತೃತ್ವದಲ್ಲಿ ಬಂದ ನೌಕಾ ಯೋಧರು ಅಗ್ನಿಶಾಮಕ ಬಂಡಿಗಳ ಮನೆಯ ಬಾಗಿಲು ಒಡೆದು ಬ್ರೌನ್‌ನನ್ನು ಹಿಡಿದರು. ಡಿಸೆಂಬರ್ 2ರಂದು ಅವನಿಗೆ ಗಲ್ಲು.

ಅವತ್ತು ಸರ್ಕಾರದ ಪರ ನಿಂತ ಅದೇ ಲೀ ಮೂರು ವರ್ಷದೊಳಗೆ ದಕ್ಷಿಣದ ಸೇನಾನಿಯಾಗಿ ಈ ಊರನ್ನು ಮುತ್ತಿಸಿದ.

ಯಂತ್ರಗಳು ಊರು ಬಿಟ್ಟದ್ದು

1861ರ ಏಪ್ರಿಲ್ 17ರಂದು ವರ್ಜೀನಿಯಾ ಒಕ್ಕೂಟ ಬಿಡಲು ಮತ ಹಾಕಿತು. ಮರುರಾತ್ರಿಯೇ ವರ್ಜೀನಿಯಾದ ಪಡೆ ಊರಿನತ್ತ ಹೊರಟಿತು. ಕಾವಲಿಗಿದ್ದ ಲೆಫ್ಟಿನೆಂಟ್ ರೋಜರ್ ಜೋನ್ಸ್ ಬಳಿ ಐವತ್ತು ಜನರೂ ಇರಲಿಲ್ಲ. ಆತ ಉಗ್ರಾಣಕ್ಕೂ ಕಾರ್ಖಾನೆಗೂ ಮದ್ದು ಹಾಕಿ ಬೆಂಕಿ ಕೊಟ್ಟು ಸೇತುವೆ ದಾಟಿ ಹೋದ. ಉಗ್ರಾಣದಲ್ಲಿದ್ದ ಸುಮಾರು 15,000 ಬಂದೂಕುಗಳು ಸುಟ್ಟುಹೋದವು. ಆದರೆ ಕಾರ್ಖಾನೆಯ ಬೆಂಕಿಯನ್ನು ಊರವರೇ ನಂದಿಸಿದರು. ಅದು ಅವರ ಅನ್ನದ ದಾರಿಯಾಗಿತ್ತು.

ಅವರು ಉಳಿಸಿದ ಯಂತ್ರಗಳು ಅವರಿಗೆ ಉಳಿಯಲಿಲ್ಲ. ದಕ್ಷಿಣದವರು ಅವನ್ನು ಬಿಚ್ಚಿ ಸಾಗಿಸಿದರು. ಮಸ್ಕೆಟ್ ಎಂಬ ಉದ್ದ ನಳಿಗೆಯ ಬಂದೂಕಿನ ಯಂತ್ರಗಳು ದಕ್ಷಿಣದವರ ರಾಜಧಾನಿ ರಿಚ್ಮಂಡ್‌ಗೆ, ರೈಫಲ್ ಯಂತ್ರಗಳು ಉತ್ತರ ಕ್ಯಾರೊಲಿನಾದ ಫೇಯೆಟ್‌ವಿಲ್‌ಗೆ. ರಿಚ್ಮಂಡ್‌ನಲ್ಲಿ ತಯಾರಾದ ಬಂದೂಕುಗಳ ಕೀಲುಪಟ್ಟಿಯ ಮೇಲೆ ಉಪಯೋಗವಿಲ್ಲದ ಒಂದು ಉಬ್ಬು ಕಾಣುತ್ತದೆ. ಹಾರ್ಪರ್ಸ್ ಫೆರಿಯ ಹಳೆಯ ಮಾದರಿಯಲ್ಲಿ ಅಲ್ಲೊಂದು ಕಿಡಿಪಟ್ಟಿಯ ಸಾಧನ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಪಟ್ಟಿಯ ಸಾಧನ, ಕೂರುತ್ತಿತ್ತು. ಅಚ್ಚು ಅಲ್ಲಿಯದೇ ಆದ್ದರಿಂದ, ಸಾಧನವಿಲ್ಲದಿದ್ದರೂ ಅದು ಕೂರುವ ಜಾಗದ ಉಬ್ಬು ಉಳಿದುಕೊಂಡಿತು. ಯಂತ್ರಗಳ ಹಿಂದೆ ಕುಶಲಕರ್ಮಿಗಳೂ ಹೊರಟರು. ಕೆಲವರು ಸಂಸಾರ ಸಮೇತ ದಕ್ಷಿಣಕ್ಕೆ, ಕೆಲವರು ನದಿ ದಾಟಿ ಉತ್ತರಕ್ಕೆ. ಊರಿನ ಜೀವ ಹೋದದ್ದು ಇಲ್ಲಿ. ದೊಡ್ಡ ಕಾಳಗಗಳು ಆಮೇಲಿನ ಮಾತು.

ಜೂನ್ 14ರಂದು ದಕ್ಷಿಣದವರು ರೈಲುಸೇತುವೆಯನ್ನು ಸಿಡಿಸಿ, ಕಾರ್ಖಾನೆಯ ಉಳಿದ ಕಟ್ಟಡಗಳಿಗೆ ಬೆಂಕಿಯಿಟ್ಟು ಊರು ಬಿಟ್ಟರು. ಎರಡು ವಾರದ ನಂತರ ಮತ್ತೆ ಬಂದು ರೈಫಲ್ ಘಟಕವನ್ನೂ ಶೆನಾಂಡೊವಾ ಸೇತುವೆಯನ್ನೂ ಸುಟ್ಟರು. 1862ರ ಫೆಬ್ರುವರಿ 7ರಂದು ಉತ್ತರದವರ ಸರದಿ. ತಮ್ಮ ಬೇಹುಗಾರನೊಬ್ಬನನ್ನು ಮೋಸದಿಂದ ಕೊಂದರೆಂಬ ಸಿಟ್ಟಿಗೆ ಸಂಗಮದ ತುದಿಯಲ್ಲಿದ್ದ ಹೋಟೆಲು, ಅಂಗಡಿ, ಮನೆಗಳನ್ನು ಸುಟ್ಟುಹಾಕಿದರು. ಹತ್ತು ತಿಂಗಳಲ್ಲಿ ಎರಡೂ ಸೇನೆಗಳು ಸೇರಿ ಊರಿನ ಕೆಳಭಾಗವನ್ನು ಮುಗಿಸಿದ್ದವು.

1862ರ ಸೆಪ್ಟೆಂಬರ್: ಬೆಟ್ಟ ಬಿಟ್ಟವರು ಊರು ಬಿಟ್ಟರು

ಆ ಸೆಪ್ಟೆಂಬರ್‌ನಲ್ಲಿ ಲೀ ಪೊಟೋಮ್ಯಾಕ್ ದಾಟಿ ಮೇರಿಲ್ಯಾಂಡ್‌ಗೆ ನುಗ್ಗಿದಾಗ ಹಾರ್ಪರ್ಸ್ ಫೆರಿಯಲ್ಲಿ ಉತ್ತರದ ಸುಮಾರು 14,000 ಸೈನಿಕರಿದ್ದರು. ಅವರನ್ನು ಬೆನ್ನಿಗೆ ಬಿಟ್ಟುಕೊಂಡು ಮುಂದೆ ಹೋದರೆ ಕಣಿವೆಯಿಂದ ಬರುವ ಸಾಮಗ್ರಿಯ ದಾರಿ ಕಡಿದುಹೋಗುತ್ತದೆ. ಹಾಗಾಗಿ ಲೀ ಸೆಪ್ಟೆಂಬರ್ 9ರಂದು ಸೇನೆಯನ್ನು ಒಡೆದು ಮೂರು ತುಕಡಿಗಳನ್ನು ಮೂರು ಎತ್ತರಗಳಿಗೆ ಕಳಿಸಿದ. ಮೆಕ್‌ಲಾಸ್ ಮೇರಿಲ್ಯಾಂಡ್ ಹೈಟ್ಸ್‌ಗೆ, ವಾಕರ್ ಲೌಡನ್ ಹೈಟ್ಸ್‌ಗೆ, ‘ಸ್ಟೋನ್‌ವಾಲ್’ ಜಾಕ್ಸನ್ ಸುತ್ತಿಬಳಸಿ ಪಶ್ಚಿಮದಿಂದ ಬೊಲಿವರ್ ಹೈಟ್ಸ್ ಎದುರಿಗೆ.

ಊರಿನ ರಕ್ಷಣೆ ಕರ್ನಲ್ ಡಿಕ್ಸನ್ ಮೈಲ್ಸ್ ಕೈಯಲ್ಲಿತ್ತು. ಊರನ್ನು ಬಿಡಕೂಡದೆಂದು ಅವರಿಗೆ ಆದೇಶ. ಅದನ್ನು ಅವರು ಅಕ್ಷರಶಃ ತೆಗೆದುಕೊಂಡು ಬಹುಪಾಲು ಸೈನಿಕರನ್ನು ಊರಿಗೆ ಹತ್ತಿರದ ಬೊಲಿವರ್ ದಿಬ್ಬದ ಮೇಲೆ ನಿಲ್ಲಿಸಿದರು. ಎಲ್ಲಕ್ಕಿಂತ ಎತ್ತರದ ಮೇರಿಲ್ಯಾಂಡ್ ಹೈಟ್ಸ್‌ಗೆ ಸಣ್ಣದೊಂದು ಪಾಲು. ಲೌಡನ್ ಹೈಟ್ಸ್‌ಗೆ ಒಬ್ಬರೂ ಇಲ್ಲ. ನಕ್ಷೆ ನೋಡಿದ ಯಾರಿಗಾದರೂ ಇಲ್ಲಿ ಎಡವಟ್ಟು ಕಾಣುತ್ತದೆ: ಉಳಿಸಬೇಕಾದದ್ದು ಊರೇ ಆದರೂ ಅದನ್ನು ಉಳಿಸುವ ಜಾಗ ನದಿಯ ಆಚೆ ದಡದ ಬೆಟ್ಟದ ತಲೆಯಲ್ಲಿತ್ತು.

13ರಂದು ಮೇರಿಲ್ಯಾಂಡ್ ಹೈಟ್ಸ್ ಮೇಲೆ ಬೆಳಗಿನಿಂದ ಹೊತ್ತು ಇಳಿಯುವವರೆಗೆ ಕಾಳಗ ನಡೆಯಿತು. ಅಲ್ಲಿದ್ದ ನ್ಯೂಯಾರ್ಕ್‌ನ 126ನೇ ರೆಜಿಮೆಂಟ್ ಸೇನೆಗೆ ಸೇರಿ ಮೂರು ವಾರವಷ್ಟೇ ಆಗಿತ್ತು. ಅದರ ಕರ್ನಲ್‌ಗೆ ಗುಂಡು ತಗುಲಿದ್ದೇ ಸಾಲು ಒಡೆಯಿತು. ಫಿರಂಗಿಗಳನ್ನು ಕೆಡಿಸಿಟ್ಟು ಉತ್ತರದವರು ಕೆಳಗಿಳಿದು ಊರು ಸೇರಿದರು. 14ರ ಮಧ್ಯಾಹ್ನ ಎರಡೂ ಬೆಟ್ಟಗಳ ಮೇಲಿಂದ ಗುಂಡುಗಳು ಬೀಳತೊಡಗಿದವು. ಕೆಳಗಿನ ಫಿರಂಗಿಗಳನ್ನು ಅಷ್ಟು ಎತ್ತರಕ್ಕೆ ಗುರಿಯಿಡುವುದೇ ಕಷ್ಟವಾಗಿತ್ತು. ಅದೇ ರಾತ್ರಿ ಜಾಕ್ಸನ್‌ನ ಸಹಸೇನಾನಿ ಎ.ಪಿ. ಹಿಲ್ ಶೆನಾಂಡೊವಾ ದಡದ ಕೊರಕಲುಗಳಲ್ಲಿ ಹತ್ತಿ ಬೊಲಿವರ್ ದಿಬ್ಬದ ಪಕ್ಕೆಗೆ ಬಂದ.

ಆ ರಾತ್ರಿಯೇ ಉತ್ತರದ ಸುಮಾರು 1,400 ಕುದುರೆ ಸವಾರರು ತಪ್ಪಿಸಿಕೊಂಡರು. ಕರ್ನಲ್ ಬೆಂಜಮಿನ್ ಡೇವಿಸ್ ಮುಂದಾಳು. ಸಾಲು ದೋಣಿಗಳ ಮೇಲೆ ಹಲಗೆ ಹಾಸಿದ ತೇಲುಸೇತುವೆಯನ್ನು ಇಬ್ಬಿಬ್ಬರಾಗಿ ದಾಟಿ, ಮೇರಿಲ್ಯಾಂಡ್ ಹೈಟ್ಸ್ ಬುಡದ ಕಿರುದಾರಿ ಹಿಡಿದರು. ದಾರಿಯಲ್ಲಿ ದಕ್ಷಿಣದವರ ಮದ್ದುಗುಂಡಿನ ನಲವತ್ತಕ್ಕೂ ಹೆಚ್ಚು ಬಂಡಿಗಳನ್ನು ಹಿಡಿದುಕೊಂಡೇ ಹೋದರು.

ಉಳಿದವರು 15ರ ಬೆಳಿಗ್ಗೆ ಬಿಳಿ ಬಾವುಟ ಹಾರಿಸಿದರು. ಬಾವುಟ ಏರಿದ ಮೇಲೆ ಸಿಡಿದ ಒಂದು ಗುಂಡು ಮೈಲ್ಸ್ ಅವರ ಕಾಲಿಗೆ ತಗುಲಿ ಅವರು ಸತ್ತರು. ಸುಮಾರು 12,500 ಸೈನಿಕರು, 73 ಫಿರಂಗಿಗಳು, 13,000 ಬಂದೂಕುಗಳು, 200 ಬಂಡಿಗಳು ದಕ್ಷಿಣದವರ ಪಾಲಾದವು. 1942ರಲ್ಲಿ ಫಿಲಿಪ್ಪೀನ್ಸ್‌ನ ಬಟಾನ್‌ನಲ್ಲಿ ಜಪಾನಿಗೆ ಶರಣಾಗುವವರೆಗೆ ಅಮೆರಿಕದ ಸೇನೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಶರಣಾದದ್ದಿಲ್ಲ. ನೆರವಿಗೆ ಬರುತ್ತಿದ್ದ ಉತ್ತರದ ಪಡೆ ಹಿಂದಿನ ಸಂಜೆಯೇ ಕ್ರಾಂಪ್ಟನ್ ಕಣಿವೆದಾರಿಯನ್ನು ಗೆದ್ದು ಕೆಲವೇ ಮೈಲಿ ದೂರದಲ್ಲಿತ್ತು.

ಸೆರೆಯ ಲೆಕ್ಕ: ಬಿಳಿಯರಿಗೊಂದು, ಕರಿಯರಿಗೊಂದು

ಹನ್ನೆರಡು ಸಾವಿರ ಜನರಿಗೆ ಅನ್ನ ಹಾಕಿ ಕಾಯುವ ಶಕ್ತಿ ದಕ್ಷಿಣದವರಿಗೆ ಇರಲಿಲ್ಲ. ಹಾಗಾಗಿ ಪರೋಲ್. ಇಂದಿನ ಜೈಲಿನ ಪರೋಲ್‌ಗಿಂತ ಇದು ಬೇರೆ. ತಮ್ಮ ಕಡೆಯವರ ಕೈಯಲ್ಲಿರುವ ಎದುರುಪಕ್ಷದ ಅಷ್ಟೇ ಸೆರೆಯಾಳುಗಳು ಬಿಡುಗಡೆಯಾಗುವವರೆಗೆ ಆಯುಧ ಹಿಡಿಯುವುದಿಲ್ಲವೆಂದು ಸೈನಿಕರು ಮಾತು ಕೊಡಬೇಕು, ಆಮೇಲೆ ಹೋಗಬಹುದು. ಹೀಗೆ ಬಿಟ್ಟವರಲ್ಲಿ ಬಹಳ ಜನರನ್ನು ಉತ್ತರದವರೇ ಷಿಕಾಗೋದ ಶಿಬಿರವೊಂದರಲ್ಲಿ ವಿನಿಮಯ ಆಗುವವರೆಗೆ ಕೂರಿಸಿದರು.

ಊರಿನಲ್ಲಿದ್ದ ಇನ್ನೊಂದು ಗುಂಪಿಗೆ ಈ ಸವಲತ್ತು ಸಿಗಲಿಲ್ಲ. ಸುತ್ತಲಿನ ತೋಟಗಳಿಂದ ಓಡಿಬಂದು ಉತ್ತರದ ಸೇನೆಯ ಆಸರೆ ಪಡೆದಿದ್ದ ಗುಲಾಮರನ್ನು ಆಗ ‘ಕಂಟ್ರಾಬ್ಯಾಂಡ್’ ಎನ್ನುತ್ತಿದ್ದರು, ಶತ್ರುವಿನಿಂದ ಜಪ್ತಿ ಮಾಡಿದ ಮಾಲು ಎಂಬರ್ಥದಲ್ಲಿ. ಊರು ಬಿದ್ದಾಗ ಅಂಥ ನೂರಾರು ಗಂಡಸರು, ಹೆಂಗಸರು, ಮಕ್ಕಳನ್ನು ದಕ್ಷಿಣದವರು ಹಿಡಿದು ಮತ್ತೆ ಗುಲಾಮಗಿರಿಗೆ ತಳ್ಳಿದರು. ಶರಣಾಗತಿಯ ವರ್ಣನೆಗಳಲ್ಲಿ ಫಿರಂಗಿಗಳ ಸಂಖ್ಯೆ ಇರುವಷ್ಟು ನಿಖರವಾಗಿ ಇವರ ಸಂಖ್ಯೆ ಇರುವುದಿಲ್ಲ.

ಪರೋಲ್ ಕೆಲಸಕ್ಕೆಂದು ಹಿಂದೆ ಉಳಿದಿದ್ದ ಹಿಲ್ ಎರಡು ದಿನದ ನಂತರ ತನ್ನ ಪಡೆಯನ್ನು ಸುಮಾರು 27 ಕಿ.ಮೀ. ಬಿರುಸಿನಿಂದ ನಡೆಸಿಕೊಂಡು ಹೋಗಿ, ಮೇರಿಲ್ಯಾಂಡ್‌ನ ಆಂಟೀಟಮ್ ಕಾಳಗದಲ್ಲಿ ಸೋಲಿನ ಅಂಚಿನಲ್ಲಿದ್ದ ಲೀಯನ್ನು ಉಳಿಸಿದ. ಆದರೂ ಲೀ ಹಿಂದೆ ಸರಿಯಲೇಬೇಕಾಯಿತು, ಊರು ಮತ್ತೆ ಉತ್ತರದವರ ಕೈಗೆ ಬಂತು. ಅಕ್ಟೋಬರ್ 1ರಂದು ಲಿಂಕನ್ ಅವರೇ ಬಂದು ನೋಡಿಹೋದರು.

ಪಾಠ ಕಲಿತ ಮೇಲೆ

ಉತ್ತರದವರು ಈಗ ಬೆಟ್ಟಕ್ಕೆ ಗಮನ ಕೊಟ್ಟರು. ಮೇರಿಲ್ಯಾಂಡ್ ಹೈಟ್ಸ್‌ನ ಮರಗಳನ್ನು ಕಡಿದು ನೋಟ ತೆರೆದು, ಇಳಿಜಾರಿನಲ್ಲಿ ಫಿರಂಗಿ ಕಟ್ಟೆಗಳನ್ನೂ ತಲೆಯಲ್ಲಿ ಕಲ್ಲಿನ ಕೋಟೆಯನ್ನೂ ಕಟ್ಟಿದರು. ಅಲ್ಲಿಗೆ ಎಳೆದುಕೊಂಡು ಹೋದ ಅತಿ ದೊಡ್ಡ ಫಿರಂಗಿ 100 ಪೌಂಡಿನ ಗುಂಡು ಹಾರಿಸುವಂಥದ್ದು, ಅದರ ನಳಿಗೆಯ ತೂಕವೇ 9,700 ಪೌಂಡು, ಅಂದರೆ 4,400 ಕಿಲೋ.

ಅಲ್ಲಿಂದ ತಂತ್ರ ಬದಲಾಯಿತು. ಶತ್ರು ಬಂದರೆ ಊರು ಬಿಡುವುದು, ತೇಲುಸೇತುವೆ ಎತ್ತಿಕೊಳ್ಳುವುದು, ಬೆಟ್ಟ ಹತ್ತುವುದು, ಮೇಲಿಂದ ಊರಿನಲ್ಲಿ ಯಾರೂ ನಿಲ್ಲದಂತೆ ಗುಂಡು ಹಾರಿಸುವುದು. 1864ರ ಜುಲೈನಲ್ಲಿ ಇದು ಫಲ ಕೊಟ್ಟಿತು. ವಾಷಿಂಗ್ಟನ್ ಮೇಲೆ ದಾಳಿಗೆ ಹೊರಟ ದಕ್ಷಿಣದ ಜನರಲ್ ಜುಬಲ್ ಅರ್ಲಿ ಜುಲೈ 4ರಂದು ಊರಿಗೆ ಬಂದಾಗ, ಸ್ವಾತಂತ್ರ್ಯ ದಿನಕ್ಕೆಂದು ಮಾಡಿಟ್ಟಿದ್ದ ಊಟವನ್ನು ಅವನ ಸೈನಿಕರು ಉಂಡರು, ಆದರೆ ಬೆಟ್ಟ ಅವರಿಗೆ ದಕ್ಕಲಿಲ್ಲ. ಕೆಲವು ದಿನ ಕಳೆದು ಬೇರೆ ಕಣಿವೆದಾರಿಗಳಲ್ಲಿ ಸುತ್ತಿ ಹೋದ. 9ರಂದು ಮೇರಿಲ್ಯಾಂಡ್‌ನ ಮನಾಕಸಿ ನದಿಯ ಬಳಿ ಇನ್ನೊಂದು ತಡೆ. 11ರಂದು ರಾಜಧಾನಿಯ ಅಂಚು ಮುಟ್ಟುವ ಹೊತ್ತಿಗೆ ಅಲ್ಲಿಗೆ ಹೊಸ ಪಡೆ ಬಂದಿಳಿಯುತ್ತಿತ್ತು. ಆಗಸ್ಟ್‌ನಲ್ಲಿ ಜನರಲ್ ಫಿಲಿಪ್ ಶೆರಿಡನ್ ಹಾರ್ಪರ್ಸ್ ಫೆರಿಯನ್ನೇ ಉಗ್ರಾಣ ಮಾಡಿಕೊಂಡು ಶೆನಾಂಡೊವಾ ಕಣಿವೆಯನ್ನು ಗೆಲ್ಲಲು ಹೊರಟ. ಆಮೇಲೆ ಊರು ಕೈಬದಲಾಗಲಿಲ್ಲ.

ಸೇತುವೆಯ ಪಾಡು

ರೈಲುಸೇತುವೆ ನಾಲ್ಕು ವರ್ಷದಲ್ಲಿ ಒಂಬತ್ತು ಸಲ ನಾಶವಾಗಿ ಒಂಬತ್ತು ಸಲ ಎದ್ದಿತು. ಮದ್ದು ಸಿಡಿಸಿದರೂ ಕಲ್ಲಿನ ಕಂಬಗಳು ಸಾಮಾನ್ಯವಾಗಿ ಉಳಿಯುತ್ತಿದ್ದವು, ಹಾಳಾಗುತ್ತಿದ್ದುದು ಮೇಲಿನ ಮರದ ಹಾಸು. ಕಂಬಗಳ ನಡುವೆ ಮರದ ಕಾಲುಗಳನ್ನು ನಿಲ್ಲಿಸಿ ಅವಸರದಲ್ಲಿ ಹಳಿ ಹಾಕುತ್ತಿದ್ದರು. ಸೈನಿಕರು ಕೆಡವದಿದ್ದರೆ ಪ್ರವಾಹ ಆ ಮರದ ಕಾಲುಗಳನ್ನು ಎತ್ತಿಕೊಂಡು ಹೋಗುತ್ತಿತ್ತು.

ಪಕ್ಕದ ಕಾಲುವೆಯಿಂದ ಬಂದ ಒಂದು ಪಜೀತಿಯನ್ನೂ ಹೇಳಬೇಕು. 1862ರ ಫೆಬ್ರುವರಿಯಲ್ಲಿ ಉತ್ತರದ ಸೇನಾಪತಿ ಮೆಕ್ಲೆಲನ್, ಕಾಲುವೆಯ ದೊಡ್ಡ ದೋಣಿಗಳನ್ನು ನದಿಗಿಳಿಸಿ ಗಟ್ಟಿ ಸೇತುವೆ ಕಟ್ಟಲು ಹೊರಟರು. ಕಾಲುವೆಯಿಂದ ನದಿಗೆ ಇಳಿಯಲು ಲಾಕ್ ಎಂಬ, ನೀರಿನ ಮಟ್ಟ ಏರಿಳಿಸುವ ಬಾಗಿಲುಗಂಡಿಯನ್ನು ಹಾಯಬೇಕು. ದೋಣಿಗಳು ಗಂಡಿಗಿಂತ ಕೆಲವೇ ಅಂಗುಲ ಅಗಲವಾಗಿದ್ದವು. ಯಾರೂ ಮೊದಲೇ ಅಳೆದಿರಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು, ಲಿಂಕನ್ ಕೆಂಡವಾದರು.

ಉಳಿದ ಜನ, ಬದಲಾದ ರಾಜ್ಯ

ಕೆಲಸ ಹೋದ ಮೇಲೆ ಬಹುಪಾಲು ಮನೆಗಳು ಖಾಲಿಯಾದವು. ಉಳಿದವರಿಗೆ ನದಿ ದಾಟಲೂ ಸೇನೆಯ ಅಧಿಕಾರಿಯಿಂದ ಚೀಟಿ ಬೇಕು, ಚೀಟಿಗೆ ಮೊದಲು ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು. ನಾಳೆ ಇನ್ನೊಂದು ಸೇನೆ ಬಂದರೆ ಅದೇ ಪ್ರಮಾಣ ಮುಳುವಾಗುತ್ತದೆ. ಊರಿನ ವೈದ್ಯರ ಮಗಳು ಆನಿ ಮಾರ್ಮಿಯನ್ ಆಗ ಬಾಲಕಿ. ತಿನ್ನಲು ಏನಾದರೂ ಹುಡುಕುವುದು, ಹಗಲು ಯಾರ ಕಣ್ಣಿಗೂ ಬೀಳದಿರುವುದು, ರಾತ್ರಿ ದೀಪದ ಬೆಳಕು ಹೊರಗೆ ಕಾಣದಂತೆ ಮರೆಮಾಡುವುದು, ಇವಿಷ್ಟೇ ಆಗ ಬದುಕಿನ ಗುರಿಗಳಾಗಿದ್ದವೆಂದು ಅವರು ಮುಂದೆ ಬರೆದಿಟ್ಟಿದ್ದಾರೆ. ದೀಪ ಕಂಡರೆ ಆಚೆ ದಡದಿಂದ ಗುಂಡು ಬರುತ್ತಿತ್ತು. ಕ್ಯಾಥೊಲಿಕ್ ಚರ್ಚಿನ ಪಾದ್ರಿ ಮೈಕೆಲ್ ಕಾಸ್ಟೆಲೊ ಚರ್ಚಿನ ಮೇಲೆ ಬ್ರಿಟಿಷ್ ಬಾವುಟ ಹಾರಿಸಿ, ಇದು ಯಾರ ಪಕ್ಷವೂ ಅಲ್ಲವೆಂದು ಸಾರಿ ಕಟ್ಟಡ ಉಳಿಸಿದರೆಂದು ಊರಿನವರು ಹೇಳುತ್ತಾರೆ. ಚರ್ಚು ಇಂದಿಗೂ ಇದೆ.

ಯುದ್ಧದ ನಡುವೆಯೇ ಊರಿನ ರಾಜ್ಯವೂ ಬದಲಾಯಿತು. ಒಕ್ಕೂಟದ ಪರವಿದ್ದ ವರ್ಜೀನಿಯಾದ ಪಶ್ಚಿಮ ಜಿಲ್ಲೆಗಳು 1863ರ ಜೂನ್ 20ರಂದು ವೆಸ್ಟ್ ವರ್ಜೀನಿಯಾ ಎಂಬ ಹೊಸ ರಾಜ್ಯವಾದವು. ರೈಲುದಾರಿ ಒಕ್ಕೂಟದ ರಾಜ್ಯದೊಳಗೇ ಇರಲೆಂದು ಹಾರ್ಪರ್ಸ್ ಫೆರಿ ಇರುವ ಜೆಫರ್ಸನ್ ಕೌಂಟಿ ಎಂಬ ಜಿಲ್ಲೆಯನ್ನೂ ಸೇರಿಸಿಕೊಳ್ಳಲಾಯಿತು. ಇದಕ್ಕಾಗಿ ಮತದಾನ ನಡೆದಾಗ ಇಡೀ ಕೌಂಟಿಯಲ್ಲಿ ತೆರೆದದ್ದು ಎರಡೇ ಮತಗಟ್ಟೆ, ಕೌಂಟಿಯ ಎಷ್ಟೋ ಗಂಡಸರು ದಕ್ಷಿಣದ ಸೇನೆಯಲ್ಲಿದ್ದರು. ಯುದ್ಧ ಮುಗಿದ ಮೇಲೆ ವರ್ಜೀನಿಯಾ ಸುಪ್ರೀಂ ಕೋರ್ಟಿಗೆ ಹೋಯಿತು. 1871ರಲ್ಲಿ 6–3 ಬಹುಮತದ ತೀರ್ಪು ವೆಸ್ಟ್ ವರ್ಜೀನಿಯಾದ ಪರವಾಗಿ ಬಂತು.

ಯುದ್ಧದ ನಂತರ

ಶಸ್ತ್ರ ಕಾರ್ಖಾನೆಯನ್ನು ಸರ್ಕಾರ ಮತ್ತೆ ಕಟ್ಟಲಿಲ್ಲ, 1869ರಲ್ಲಿ ಜಾಗವನ್ನು ಹರಾಜಿಗಿಟ್ಟಿತು. 1870ರ ಪ್ರವಾಹ ಶೆನಾಂಡೊವಾ ದಡದ ಗಿರಣಿಗಳನ್ನು ಹೊಡೆದುಕೊಂಡು ಹೋಯಿತು. ಕಾರ್ಖಾನೆಯ ಅಧಿಕಾರಿಗಳಿದ್ದ ಗುಡ್ಡದ ಮೇಲಿನ ಖಾಲಿ ಮನೆಗಳಲ್ಲಿ ಮಾತ್ರ ಹೊಸ ಕೆಲಸ ಶುರುವಾಯಿತು. ಬಿಡುಗಡೆಯಾದ ಗುಲಾಮರಿಗೆ ಓದುಬರಹ ಕಲಿಸಲು ಅಲ್ಲಿ ತೆರೆದ ಶಾಲೆ 1867ರಲ್ಲಿ ಸ್ಟೋರರ್ ಕಾಲೇಜಾಯಿತು. ಕರಿಯರ ಸಮಾನ ಹಕ್ಕಿಗಾಗಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಮೊದಲಾದವರು ಕಟ್ಟಿದ ನಯಾಗರಾ ಚಳವಳಿ 1906ರ ಆಗಸ್ಟ್‌ನಲ್ಲಿ ಇದೇ ಕಾಲೇಜಿನಲ್ಲಿ ಸಭೆ ಸೇರಿತು. ಕಾಲೇಜು 1955ರಲ್ಲಿ ಮುಚ್ಚಿತು. ಊರಿನ ಹಳೆಯ ಭಾಗ 1944ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು, 1963ರಿಂದ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಈಗ ಊರಿನಲ್ಲಿ ವಾಸವಿರುವವರು ಮುನ್ನೂರಕ್ಕಿಂತ ಕಡಿಮೆ.